ನೆಟ್ ಇಲ್ಲದೆ ಲಿನಕ್ಸ್ ಮರುಸ್ಥಾಪನೆ: ಡಿಸ್ಕ್‌ನಲ್ಲೇ ಉಳಿದಿರುವ ದಾಸ್ತಾನು

ಕಳೆದ ಆಷಾಢದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಒಳಕ್ಕೆ, ಬಸ್ಸಿಳಿದು ಮತ್ತೆ ಎರಡು ಮೈಲಿ ನಡೆಯಬೇಕಾದ ಊರು. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟಿನ ಲೈನು ಹರಿದಿತ್ತು. ಮೂರನೇ ದಿನಕ್ಕೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಪೂರ್ತಿ ಹೋಯಿತು. ಮನೆಯಲ್ಲಿ ಸೋಲಾರ್ ಇದ್ದದ್ದರಿಂದ ಲ್ಯಾಪ್‌ಟಾಪ್ ಹಚ್ಚಲು ತೊಂದರೆ ಇರಲಿಲ್ಲ. ಆದರೆ ಅದು ತೆರೆದುಕೊಳ್ಳುತ್ತಲೇ ಇರಲಿಲ್ಲ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್, ವಿಂಡೋಸ್ ಬದಲು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ್ದು. ಕರೆಂಟು ಹೋದಾಗಲೆಲ್ಲ ಕೆಲಸದ ನಡುವೆಯೇ ಆರಿ ಆರಿ, ಸಿಸ್ಟಮ್ಮಿನ ಕಡತಗಳು ಕೆಟ್ಟಿದ್ದವು. ಭಾವನ ಅಡಿಕೆ ಲೆಕ್ಕ, ಸೊಸೈಟಿಗೆ ಬರೆದ ಪತ್ರಗಳು, ಯಕ್ಷಗಾನದ ವಿಡಿಯೊಗಳು ಎಲ್ಲವೂ ಅದರಲ್ಲಿದ್ದವು.

"ಹೊಸದಾಗಿ ಹಾಕ್ಬೇಕು ಅಂದ್ರೆ ನೆಟ್ ಬರೋತನಕ ಕಾಯ್ಬೇಕೇನೋ?" ಎಂದರು ಭಾವ.

"ಬೇಡ ಭಾವ. ಬೇಕಾದ್ದರಲ್ಲಿ ಬಹುಪಾಲು ಇದರ ಹೊಟ್ಟೆಯಲ್ಲೇ ಇರ್ತದೆ, ನೋಡೋಣ" ಎಂದೆ.

ಅದು ಹೇಗೆ ಎಂದು ವಿವರಿಸುವುದಕ್ಕೇ ಈ ಬರಹ. ಈಗ ಬರೆಯಲು ಇನ್ನೊಂದು ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳನ್ನು ಎಸೆಯಲು ಮನಸ್ಸಿಲ್ಲದವರು ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಬಗೆಗಳ ಕಡೆಗೆ ಬರುತ್ತಿದ್ದಾರೆ. ಬಂದವರಿಗೆ ಮೊದಲು ಕಾಣುವುದು, ಇಲ್ಲಿ ಪ್ರತಿಯೊಂದೂ ನೆಟ್‌ನಿಂದಲೇ ಇಳಿಯುತ್ತದೆ ಎನ್ನುವುದು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಡೇಟಾವನ್ನೇ ನಂಬಿರುವ ಮನೆಯಲ್ಲಿ, ಸಿಸ್ಟಮ್ ಕೆಟ್ಟರೆ ಅಷ್ಟನ್ನೂ ಮತ್ತೆ ಇಳಿಸಬೇಕೇ ಎಂಬ ಆತಂಕ ಸಹಜ.

ಮುಂದೆ ಬರುವ ಆದೇಶಗಳನ್ನೂ ಫೋಲ್ಡರ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್ ಎಂಬ, ಆದೇಶ ಬರೆಯುವ ಕಿಟಕಿಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು. ಉದಾಹರಣೆಗಳು ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು, ಮಿಂಟ್‌ಗಳದ್ದು.

## ಪ್ಯಾಕೇಜ್ ಎಂದರೆ

ಲಿನಕ್ಸ್‌ನಲ್ಲಿ ತಂತ್ರಾಂಶಗಳು ಬಿಡಿಬಿಡಿ ಕಟ್ಟುಗಳಾಗಿ ಬರುತ್ತವೆ. ಒಂದೊಂದು ಕಟ್ಟೂ ಒಂದು ಪ್ಯಾಕೇಜ್. ಪದಸಂಸ್ಕಾರಕ ಒಂದು, ವಿಡಿಯೊ ತೋರಿಸುವುದು ಇನ್ನೊಂದು, ಕನ್ನಡ ಫಾಂಟ್ ಮತ್ತೊಂದು. 2023ರ ಜೂನ್ 10ರಂದು ಬಿಡುಗಡೆಯಾದ ಡೆಬಿಯನ್ 12ರಲ್ಲಿ ಇಂಥ 64,419 ಪ್ಯಾಕೇಜ್‌ಗಳಿದ್ದವು. ನಮ್ಮ ನಿಮ್ಮ ಯಂತ್ರದಲ್ಲಿ ಇರುವುದು ಅದರಲ್ಲೊಂದು ಸಣ್ಣ ಪಾಲು.

ಒಂದು ಪ್ಯಾಕೇಜ್ ಒಂಟಿಯಾಗಿ ನಿಲ್ಲುವುದು ಅಪರೂಪ. ದೋಸೆಗೆ ಹಿಟ್ಟು ಬೇಕು, ಹಿಟ್ಟಿಗೆ ಅಕ್ಕಿ, ಉದ್ದು ಬೇಕು, ಅವನ್ನು ರುಬ್ಬಲು ಗ್ರೈಂಡರ್ ಬೇಕು. ಹಾಗೆಯೇ ವಿಎಲ್‌ಸಿ ಪ್ಲೇಯರಿಗೆ ವಿಡಿಯೊ ಬಿಡಿಸುವ ಲೈಬ್ರರಿಗಳು (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್), ಅವುಗಳಿಗೆ ಇನ್ನಷ್ಟು ಲೈಬ್ರರಿಗಳು, ಎಲ್ಲದರ ಅಡಿಯಲ್ಲಿ ಲಿಬ್‌ಸಿ6 ಎಂಬ ಬುನಾದಿ. ಇದಕ್ಕೆ ಡಿಪೆಂಡೆನ್ಸಿ ಎನ್ನುತ್ತಾರೆ, ಅವಲಂಬನೆ.

ಈ ಲೋಕದಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಒಬ್ಬ ಡಿಪಿಕೆಜಿ. ಕೈಗೆ ಕೊಟ್ಟ ಪ್ಯಾಕೇಜನ್ನು ಬಿಚ್ಚಿ ಜಾಗಕ್ಕೆ ಜೋಡಿಸುವುದಷ್ಟೇ ಅವನ ಕೆಲಸ. ಏನಾದರೂ ಕಡಿಮೆ ಬಿದ್ದರೆ ಕಡಿಮೆ ಇದೆ ಎನ್ನುತ್ತಾನೆ, ತರಲು ಹೋಗುವುದಿಲ್ಲ. ಇನ್ನೊಬ್ಬ ಆಪ್ಟ್. ಯಾವುದಕ್ಕೆ ಯಾವುದು ಬೇಕು, ಅದು ಎಲ್ಲಿ ಸಿಗುತ್ತದೆ ಎಂದು ಲೆಕ್ಕ ಹಾಕಿ ತರಿಸಿ, ಸರಿಯಾದ ಸರದಿಯಲ್ಲಿ ಡಿಪಿಕೆಜಿಯ ಕೈಗೆ ಕೊಡುತ್ತಾನೆ. ಆಪ್ಟ್ ಡೆಬಿಯನ್ ಬಿಡುಗಡೆಯೊಳಗೆ ಸೇರಿದ್ದು 1999ರಲ್ಲಿ. ಆಗ ಹೆಚ್ಚಿನವರು ಪ್ಯಾಕೇಜ್‌ಗಳನ್ನು ಸಿಡಿಯಲ್ಲೇ ಪಡೆಯುತ್ತಿದ್ದರು. ಸಿಡಿಯಿಂದ ಓದಿಸುವ ಆಪ್ಟ್-ಸಿಡಿರಾಮ್ ಎಂಬ ಆದೇಶ ಇಂದಿಗೂ ಉಳಿದಿದೆ. ಉಬುಂಟು 2011ರವರೆಗೂ ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸುತ್ತಿತ್ತು. ಅಂದರೆ ನೆಟ್ ಇಲ್ಲದೆ ಲಿನಕ್ಸ್ ಹಾಕುವುದು ಅಡ್ಡದಾರಿಯೇನೂ ಆಗಿರಲಿಲ್ಲ, ಒಂದು ಕಾಲಕ್ಕೆ ಅದೇ ಮುಖ್ಯ ದಾರಿಯಾಗಿತ್ತು. ಅದಕ್ಕೆ ಬೇಕಾದ ಸಲಕರಣೆ ಆಪ್ಟ್‌ನೊಳಗೆ ಈಗಲೂ ಇದೆ.

## ಒಂದು ಡೆಬ್ ಕಡತವನ್ನು ಬಿಚ್ಚಿ ನೋಡಿದರೆ

ಡೆಬಿಯನ್ ಕುಟುಂಬದ ಪ್ಯಾಕೇಜ್ ಕಡತದ ಹೆಸರು ಡೆಬ್ ಎಂದು ಕೊನೆಯಾಗುತ್ತದೆ. ಆ ಹೆಸರನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಅಡಿಗೆರೆಗಳಿಂದ (ಅಂಡರ್‌ಸ್ಕೋರ್) ಬೇರ್ಪಟ್ಟ ಮೂರು ಭಾಗಗಳಿರುತ್ತವೆ: ಮೊದಲು ಪ್ಯಾಕೇಜಿನ ಹೆಸರು, ನಡುವೆ ಆವೃತ್ತಿ ಸಂಖ್ಯೆ, ಕೊನೆಯಲ್ಲಿ ಯಾವ ಬಗೆಯ ಪ್ರೊಸೆಸರಿಗೆ ಎಂಬುದು. ವಿಎಲ್‌ಸಿಯ ಕಡತದಲ್ಲಿ ಕೊನೆಗೆ ಎಎಂಡಿ64 ಎಂದಿರುತ್ತದೆ. ಇದನ್ನು ನೋಡಿ "ನಮ್ಮದು ಇಂಟೆಲ್ ಅಲ್ವಾ" ಎಂದು ಗಾಬರಿಯಾಗುವವರಿದ್ದಾರೆ. 64 ಬಿಟ್‌ನ ಈ ವಿನ್ಯಾಸವನ್ನು ಮೊದಲು ರೂಪಿಸಿದ್ದು ಎಎಂಡಿ ಆದ್ದರಿಂದ ಆ ಹೆಸರು ನಿಂತಿದೆ. ಇಂಟೆಲ್ ಯಂತ್ರಕ್ಕೂ ಅದೇ ಕಡತ. ಗುಬ್ಬಿ ಎಂಬ ಕನ್ನಡ ಫಾಂಟಿನ ಕಡತದಲ್ಲಾದರೆ ಆ ಜಾಗದಲ್ಲಿ ಆಲ್ ಎಂದಿರುತ್ತದೆ. ಫಾಂಟಿನಲ್ಲಿ ಪ್ರೊಸೆಸರ್ ನಡೆಸಬೇಕಾದ ಸಂಕೇತ ಇಲ್ಲ, ಆದ್ದರಿಂದ ಅದು ಎಲ್ಲ ಯಂತ್ರಕ್ಕೂ ಆಗುತ್ತದೆ.

ಕೆಲವು ಹೆಸರುಗಳ ಆವೃತ್ತಿಯಲ್ಲಿ ಶೇಕಡಾ ಚಿಹ್ನೆ, 3, ಎ ಎಂಬ ಮೂರು ಗುರುತು ಒಟ್ಟಿಗೆ ಕಾಣುತ್ತವೆ. ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ. ಆವೃತ್ತಿಯಲ್ಲಿ ಕೋಲನ್ ಚಿಹ್ನೆ ಇದ್ದರೆ ಕಡತದ ಹೆಸರಿನಲ್ಲಿ ಅದನ್ನು ಹಾಗೆ ಬರೆದಿಡುತ್ತಾರೆ. ಹೆಸರನ್ನು ತಿದ್ದಲು ಹೋಗದೆ ಹಾಗೇ ಬಿಡಿ.

ಒಳಗೆ ಇರುವುದೂ ಮೂರೇ. ಒಂದು ಪುಟ್ಟ ಕಡತ, ಅದರಲ್ಲಿ 2.0 ಎಂದಷ್ಟೇ ಬರೆದಿರುತ್ತದೆ. ಅದು ಡೆಬ್ ಎಂಬ ಬಗೆಯ ಆವೃತ್ತಿ. ಎರಡನೆಯದು ಕಂಟ್ರೋಲ್ ಎಂಬ ಕಟ್ಟು: ಹೆಸರು, ವಿವರಣೆ, ಏನೇನು ಅವಲಂಬನೆ, ಹಾಕುವಾಗ ಮತ್ತು ತೆಗೆಯುವಾಗ ನಡೆಸಬೇಕಾದ ಸಣ್ಣ ಸ್ಕ್ರಿಪ್ಟ್‌ಗಳು. ಮೂರನೆಯದು ಡೇಟಾ, ಅಂದರೆ ನಿಜವಾದ ಸಾಮಾನು. ಡಿಪಿಕೆಜಿ-ಡೆಬ್ ಎಂಬ ಆದೇಶಕ್ಕೆ --ಇನ್ಫೋ ಸೇರಿಸಿ ಕಡತದ ಹೆಸರು ಕೊಟ್ಟರೆ, ಏನನ್ನೂ ಹಾಕದೆಯೇ ಕಂಟ್ರೋಲ್ ಭಾಗವನ್ನು ಓದಬಹುದು. ಇಷ್ಟೆಲ್ಲ ಮಾಹಿತಿ ಕಡತದೊಳಗೇ ಇರುವುದರಿಂದಲೇ ನೆಟ್ ಇಲ್ಲದಿದ್ದರೂ ಕೆಲಸ ಸಾಗುತ್ತದೆ.

## ಕ್ಯಾಶ್: ಇಳಿಸಿದ್ದು ಉಳಿಯುವ ಜಾಗ

ಕ್ಯಾಶ್ ಎಂದರೆ ಮತ್ತೆ ಬೇಕಾದೀತೆಂದು ಹತ್ತಿರದಲ್ಲೇ ಇಟ್ಟುಕೊಂಡ ದಾಸ್ತಾನು. ಮಲೆನಾಡಿನ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಕಟ್ಟಿಗೆ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಒಳಸೇರುತ್ತವೆ. ಆಷಾಢದಲ್ಲಿ ಪೇಟೆಗೆ ಹೋಗಲಾಗದ ದಿನ ಅಟ್ಟವೇ ಅಂಗಡಿ.

ಆಪ್ಟ್‌ನ ಅಟ್ಟ ಇರುವುದು /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಎಂಬ ಫೋಲ್ಡರಿನಲ್ಲಿ. ನೆಟ್‌ನಿಂದ ಇಳಿದ ಡೆಬ್‌ಗಳು ಮೊದಲು ಅಲ್ಲಿಗೆ ಬಂದು, ಅಲ್ಲಿಂದ ಸಿಸ್ಟಮ್ಮಿಗೆ ಸೇರುತ್ತವೆ. ಅದರೊಳಗೆ ಪಾರ್ಶಿಯಲ್ ಎಂಬ ಇನ್ನೊಂದು ಫೋಲ್ಡರ್ ಇದೆ. ಅದು ಅರ್ಧ ಇಳಿದವುಗಳ ಜಾಗ, ನಮಗೆ ಬೇಡ.

ಇಲ್ಲೊಂದು ಸೂಕ್ಷ್ಮ ಇದೆ, ಹಲವರು ಎಡವುವುದು ಇಲ್ಲೇ. ಆಪ್ಟ್-ಗೆಟ್ ಎಂಬ ಹಳೆಯ ಆದೇಶದಿಂದ ಪ್ಯಾಕೇಜ್ ಹಾಕಿದರೆ ಡೆಬ್ ಕಡತ ಅಟ್ಟದಲ್ಲೇ ಉಳಿಯುತ್ತದೆ. ಆಪ್ಟ್ ಎಂಬ ಹೊಸ, ಚಿಕ್ಕ ಆದೇಶದಿಂದ ಹಾಕಿದರೆ, 2016ರಿಂದೀಚಿನ ಆವೃತ್ತಿಗಳಲ್ಲಿ, ಕೆಲಸ ಮುಗಿದ ಕೂಡಲೇ ಕಡತ ಅಳಿಸಿಹೋಗುತ್ತದೆ. ಡಿಸ್ಕ್‌ನಲ್ಲಿ ಜಾಗ ಉಳಿಯಲಿ ಎಂಬ ಸದುದ್ದೇಶದ ಬದಲಾವಣೆ ಅದು. ನೆಟ್ ಧಾರಾಳವಾಗಿರುವವರಿಗೆ ಅದು ಸರಿ. ಹಳ್ಳಿಮನೆಯ ಯಂತ್ರಕ್ಕೆ ನಾನು ಅದನ್ನು ಬದಲಿಸಿಯೇ ಕೊಡುತ್ತೇನೆ: ಆಪ್ಟ್‌ನ ಸಂರಚನೆಯಲ್ಲಿ (ಸೆಟ್ಟಿಂಗ್) ಕೀಪ್-ಡೌನ್‌ಲೋಡೆಡ್-ಪ್ಯಾಕೇಜಸ್ ಎಂಬ ಸೂಚನೆಗೆ ಟ್ರೂ ಎಂದು ಬರೆದರೆ ಡೆಬ್‌ಗಳು ಉಳಿಯುತ್ತವೆ. ಭಾವನ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಆಪ್ಟ್-ಗೆಟ್‌ನಿಂದಲೇ ಹಾಕಿದ್ದರಿಂದ ದಾಸ್ತಾನು ಹಾಗೇ ಇತ್ತು.

ಅಟ್ಟ ಗುಡಿಸುವ ಆದೇಶಗಳು ಎರಡು. ಆಪ್ಟ್-ಗೆಟ್ ಕ್ಲೀನ್ ಎಲ್ಲವನ್ನೂ ಅಳಿಸುತ್ತದೆ. ಆಪ್ಟ್-ಗೆಟ್ ಆಟೋಕ್ಲೀನ್ ಡೆಬ್‌ಗಳನ್ನು ನೆಟ್‌ನಲ್ಲಿ ಇಟ್ಟಿರುವ ಭಂಡಾರದಲ್ಲೂ ಈಗ ಸಿಗದಂಥ ಹಳತುಗಳನ್ನು ಮಾತ್ರ ತೆಗೆಯುತ್ತದೆ. "ಜಾಗ ಉಳಿಸುವ ಸಲಹೆಗಳು" ಎಂದು ಬರುವ ಬರಹಗಳಲ್ಲೆಲ್ಲ ಮೊದಲನೆಯದನ್ನೇ ಹೇಳುತ್ತಾರೆ. ನೆಟ್ ನಂಬಲಾಗದ ಕಡೆ ಎರಡನೆಯದೇ ಲೇಸು.

## ಕ್ಯಾಶ್ ಒಂದೇ ಏಕೆ ಸಾಲದು

ಅಟ್ಟದಲ್ಲಿರುವುದು ನೀವು ಸಿಸ್ಟಮ್ ಹಾಕಿದ ನಂತರ ಇಳಿಸಿದ್ದು ಮಾತ್ರ. ಮೊದಲ ದಿನ ಪೆನ್‌ಡ್ರೈವ್‌ನಿಂದ ಬಂದ ಮೂಲ ಸಿಸ್ಟಮ್ಮಿನ ಡೆಬ್‌ಗಳು ಅಲ್ಲಿ ಇರುವುದಿಲ್ಲ, ಏಕೆಂದರೆ ಲೈವ್ ಪೆನ್‌ಡ್ರೈವ್‌ನಿಂದ (ಅಂದರೆ ಡಿಸ್ಕ್‌ನಲ್ಲಿ ಏನನ್ನೂ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಯಬಲ್ಲ ಲಿನಕ್ಸ್‌ನಿಂದ) ಹಾಕುವಾಗ ಇಡೀ ಸಿಸ್ಟಮ್ ಒಂದೇ ಮುದ್ದೆಯಾಗಿ ಡಿಸ್ಕ್‌ಗೆ ನಕಲಾಗುತ್ತದೆ. ಆದ್ದರಿಂದ ಕ್ಯಾಶ್‌ನ ಜತೆಗೆ ಅನುಸ್ಥಾಪನೆಯ ಐಎಸ್‌ಒ ಕಡತ (ಇಡೀ ಅನುಸ್ಥಾಪನಾ ಡಿಸ್ಕ್‌ನ ಪಡಿಯಚ್ಚು) ಬೇಕೇಬೇಕು, ಅದೂ ಅದೇ ಬಿಡುಗಡೆಯದ್ದು. ಡೆಬಿಯನ್‌ನಲ್ಲಿ ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಐಎಸ್‌ಒ ಸಿಗುತ್ತದೆ. ಡೆಸ್ಕ್‌ಟಾಪನ್ನು ಅದು ನೆಟ್‌ನಿಂದಲೇ ತರಿಸುತ್ತದೆ, ಇಲ್ಲಿ ಉಪಯೋಗಕ್ಕೆ ಬಾರದು. ಲೈವ್ ಅಥವಾ ಡಿವಿಡಿ ಐಎಸ್‌ಒ ಇಟ್ಟುಕೊಳ್ಳಿ.

ಅದೇ ಬಿಡುಗಡೆ ಎಂದು ಒತ್ತಿ ಹೇಳುವುದಕ್ಕೆ ಕಾರಣ ಆ ಲಿಬ್‌ಸಿ6. ಡೆಬಿಯನ್ 12ರಲ್ಲಿ ಅದರ ಆವೃತ್ತಿ 2.36, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 2.41. ಉಬುಂಟು 22.04ರಲ್ಲಿ 2.35, 24.04ರಲ್ಲಿ 2.39. ಹೊಸ ಬುನಾದಿಗೆ ಕಟ್ಟಿದ ಪ್ಯಾಕೇಜನ್ನು ಹಳೆಯ ಬುನಾದಿಯ ಮೇಲೆ ಕೂರಿಸಲು ಹೋದರೆ ಡಿಪಿಕೆಜಿ ಅಲ್ಲೇ ತಡೆಯುತ್ತದೆ. 12.5, 12.9 ಎಂಬಂಥ ಒಳ ಆವೃತ್ತಿಗಳ ವ್ಯತ್ಯಾಸ ಸಾಮಾನ್ಯವಾಗಿ ತೊಂದರೆ ಕೊಡದು. 12 ಮತ್ತು 13ರ ದಾಸ್ತಾನು ಮಾತ್ರ ಬೆರೆಯಬಾರದು.

ಇನ್ನೂ ಎರಡು ಬೇಕು. ಒಂದು, ನೀವು ಬೇಕೆಂದು ಹಾಕಿಕೊಂಡ ಪ್ಯಾಕೇಜ್‌ಗಳ ಚೀಟಿ. ಇನ್ನೊಂದು, ಯಾವ ಪ್ಯಾಕೇಜಿನ ಯಾವ ಆವೃತ್ತಿ ಇದೆ ಎಂಬ ಲೆಕ್ಕದ ಪುಸ್ತಕ. ಆಪ್ಟ್ ಸಾಮಾನನ್ನು ನೋಡುವ ಮೊದಲು ಪುಸ್ತಕ ತೆರೆಯುತ್ತದೆ. ಅಟ್ಟದಲ್ಲಿ ಡೆಬ್ ಇದ್ದರೂ ಪುಸ್ತಕದಲ್ಲಿ ಅದರ ಹೆಸರಿಲ್ಲದಿದ್ದರೆ "ಅಂಥ ಪ್ಯಾಕೇಜ್ ಇಲ್ಲ" ಎಂದೇ ಉತ್ತರ. ಆ ಪುಸ್ತಕ ಇರುವುದು /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಫೋಲ್ಡರಿನಲ್ಲಿ. ಆಪ್ಟ್-ಗೆಟ್ ಅಪ್‌ಡೇಟ್ ಎಂದಾಗ ಹೊಸದಾಗುವುದು ಈ ಪುಸ್ತಕ, ಸಾಮಾನು ಅಲ್ಲ. ಸಾಮಾನು ಹೊಸದಾಗುವುದು ಅಪ್‌ಗ್ರೇಡ್ ಎಂದಾಗ.

## ಫಾರ್ಮ್ಯಾಟ್ ಮಾಡುವ ಮೊದಲು

ಸಿಸ್ಟಮ್ ತೆರೆದುಕೊಳ್ಳದಿದ್ದರೂ ಡಿಸ್ಕ್ ಚೆನ್ನಾಗಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಹಚ್ಚಿ ಒಳಗಿನದನ್ನು ಓದಬಹುದು. ಫೈಲ್ ಮ್ಯಾನೇಜರಿನಲ್ಲಿ ಹಳೆಯ ಡಿಸ್ಕ್‌ನ ಮೇಲೆ ಒತ್ತಿದರೆ ಫೋಲ್ಡರುಗಳು ಕಾಣುತ್ತವೆ.

ಎಲ್ಲಕ್ಕಿಂತ ಮೊದಲು ಹೋಮ್ ಫೋಲ್ಡರ್. ಪತ್ರ, ಫೋಟೊ, ಲೆಕ್ಕ ಎಲ್ಲ ಇರುವುದು ಅಲ್ಲಿ. ಪ್ಯಾಕೇಜ್ ಮತ್ತೊಮ್ಮೆ ಎಲ್ಲಾದರೂ ಸಿಗುತ್ತದೆ, ಭಾವನ ಹತ್ತು ವರ್ಷದ ಅಡಿಕೆ ಲೆಕ್ಕ ಎಲ್ಲೂ ಸಿಗದು. ಅದನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಒಂದೆರಡು ಕಡತ ತೆರೆದು ನೋಡಿ, ಆಮೇಲೆಯೇ ಮುಂದಕ್ಕೆ ಹೋದೆವು.

ಆಮೇಲೆ ಆರ್ಕೈವ್ಸ್ ಫೋಲ್ಡರು, ಲಿಸ್ಟ್ಸ್ ಫೋಲ್ಡರು, ಜತೆಗೆ /ಇಟಿಸಿ/ಆಪ್ಟ್ ಪೂರ್ತಿ. ಈ ಕೊನೆಯದರಲ್ಲಿ ಯಾವ ಯಾವ ಭಂಡಾರದಿಂದ ತರಬೇಕೆಂಬ ವಿಳಾಸಗಳಿವೆ. ಲಿಸ್ಟ್ಸ್‌ನೊಳಗಿನ ಕಡತಗಳ ಹೆಸರು ಹುಟ್ಟುವುದು ಆ ವಿಳಾಸಗಳಿಂದಲೇ, ಆದ್ದರಿಂದ ಒಂದನ್ನು ಬಿಟ್ಟು ಒಂದನ್ನು ಒಯ್ದರೆ ತಾಳೆಯಾಗದು. ಪೆನ್‌ಡ್ರೈವ್‌ನ ಫ್ಯಾಟ್ ಮಾದರಿಯ ಜೋಡಣೆಯಲ್ಲಿ ಲಿನಕ್ಸ್‌ನ ಮಾಲೀಕತ್ವ, ಅನುಮತಿ ಉಳಿಯುವುದಿಲ್ಲ. ಇವನ್ನು ಟಾರ್ ಎಂಬ ಒಂದೇ ಕಡತದ ಕಟ್ಟು ಮಾಡಿ ಒಯ್ಯುವುದು ಒಳ್ಳೆಯದು.

ಚೀಟಿಯ ವಿಷಯ. ಎಲ್ಲ ಪ್ಯಾಕೇಜ್‌ಗಳ ಪಟ್ಟಿ ಕೊಡುವ ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್ ಎಂಬ ಆದೇಶವನ್ನು ಹಲವರು ಬಳಸುತ್ತಾರೆ. ಆದರೆ ಅದರಲ್ಲಿ ನೀವು ಕೇಳಿ ಹಾಕಿದ್ದೂ, ಅದರ ಹಿಂದೆ ತಾನಾಗಿ ಬಂದ ಲೈಬ್ರರಿಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್ ಎಂಬುದು ಬೇಕೆಂದು ಹಾಕಿದವನ್ನಷ್ಟೇ ಕೊಡುತ್ತದೆ. ಉಳಿದದ್ದನ್ನು ಆಪ್ಟ್ ತಾನೇ ಲೆಕ್ಕ ಹಾಕುತ್ತದೆ, ಮುಂದೆ ಬೇಡವಾದಾಗ ತೆಗೆಯುವುದೂ ಸುಲಭ. ನಾನಂತೂ ಇದನ್ನೇ ಬಳಸುತ್ತೇನೆ. ಸಿಸ್ಟಮ್ ಏಳದಿದ್ದರೆ, ಲೈವ್‌ನಿಂದಲೇ ಹಳೆಯ ಡಿಸ್ಕ್‌ನೊಳಗೆ ಹೊಕ್ಕು ಆದೇಶ ಕೊಡುವ ಸಿಎಚ್-ರೂಟ್ ಎಂಬ ದಾರಿ ಇದೆ. ಭಾವನ ಯಂತ್ರದಲ್ಲಿ ಆ ಮಟ್ಟಿಗೆ ಕಡತಗಳು ಉಳಿದಿದ್ದವು, ಪಟ್ಟಿ ಸಿಕ್ಕಿತು.

## ಮರಳಿ ಹಾಕುವ ಮೂರು ದಾರಿ

ಲೈವ್ ಐಎಸ್‌ಒದಿಂದ ಮೂಲ ಸಿಸ್ಟಮ್ ಹಾಕಿಯಾಯಿತು. ಅದಕ್ಕೆ ನೆಟ್ ಬೇಕಾಗಲಿಲ್ಲ. ಇನ್ನು ದಾಸ್ತಾನು ಇಳಿಸಬೇಕು.

ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಡೆಬ್‌ಗಳಿರುವ ಫೋಲ್ಡರಿಗೆ ಹೋಗಿ ಡಿಪಿಕೆಜಿಗೆ "ಇಲ್ಲಿರುವುದನ್ನೆಲ್ಲ ಹಾಕು" ಎನ್ನುವುದು. ಹತ್ತಾರು ಪ್ಯಾಕೇಜ್ ಇದ್ದರೆ ನಡೆಯುತ್ತದೆ. ನೂರಾರು ಇದ್ದರೆ ಗೋಜಲು. ಒಂದೇ ಪ್ಯಾಕೇಜಿನ ಎರಡು ಆವೃತ್ತಿ ಕ್ಯಾಶ್‌ನಲ್ಲಿದ್ದಾಗ ಏನಾಗುತ್ತದೆ ನೋಡಿ. 1.9 ಹಳೆಯದು, 1.10 ಹೊಸದು. ಆದರೆ ಕಡತಗಳು ಡಿಪಿಕೆಜಿಯ ಕೈಗೆ ಬರುವುದು ನಿಘಂಟಿನ ಸರದಿಯಲ್ಲಿ, ಅಕ್ಷರ ಅಕ್ಷರವಾಗಿ. ಚುಕ್ಕೆಯ ನಂತರ ಒಂದರಲ್ಲಿ 1, ಇನ್ನೊಂದರಲ್ಲಿ 9. 1 ಮೊದಲು ಬರುವುದರಿಂದ 1.10 ಮೊದಲು ಕೂರುತ್ತದೆ, ಅದರ ಮೇಲೆ ಹಳೆಯ 1.9 ಬಂದು ಕೂರುತ್ತದೆ. ಎಚ್ಚರಿಕೆಯ ಒಂದು ಸಾಲು ಹಾದುಹೋಗುತ್ತದೆ, ನೂರಾರು ಸಾಲಿನ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಡಿಪಿಕೆಜಿ --ಕಾನ್‌ಫಿಗರ್ -ಎ ಎಂದು ಮುಗಿಸಬಹುದು ನಿಜ, ಆದರೂ ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡನೆಯದು, ಆರ್ಕೈವ್ಸ್, ಲಿಸ್ಟ್ಸ್, /ಇಟಿಸಿ/ಆಪ್ಟ್ ಮೂರನ್ನೂ ಹೊಸ ಸಿಸ್ಟಮ್ಮಿನಲ್ಲಿ ಅವವುಗಳ ಜಾಗಕ್ಕೇ ಇಟ್ಟು, ಚೀಟಿಯಲ್ಲಿದ್ದ ಹೆಸರುಗಳನ್ನು ಆಪ್ಟ್-ಗೆಟ್ ಇನ್‌ಸ್ಟಾಲ್‌ಗೆ ಕೊಡುವುದು. ಜತೆಗೆ --ನೋ-ಡೌನ್‌ಲೋಡ್ ಮತ್ತು --ಇಗ್ನೋರ್-ಮಿಸ್ಸಿಂಗ್ ಎಂದು ಸೇರಿಸಿದರೆ, ಇರುವುದನ್ನು ಹಾಕು, ಹೊರಗೆ ಹೋಗಬೇಡ ಎಂದರ್ಥ. ನಿಜವಾಗಿ ಹಾಕುವ ಮೊದಲು -ಎಸ್ ಸೇರಿಸಿ ಒಮ್ಮೆ ಓಡಿಸಿ. ಏನು ಮಾಡಲಿದೆ ಎಂದು ಬಾಯಲ್ಲಷ್ಟೇ ಹೇಳುತ್ತದೆ, ಕೈ ಹಚ್ಚುವುದಿಲ್ಲ. ಪುಸ್ತಕವೂ ಸಾಮಾನೂ ತಾಳೆಯಾಗಿದ್ದರೆ ಇದರಷ್ಟು ನೇರವಾದ ದಾರಿ ಇನ್ನೊಂದಿಲ್ಲ.

ನಮ್ಮಲ್ಲಿ ಅಲ್ಲೇ ಸಿಕ್ಕಿಕೊಂಡಿತು. ಸಿಗ್ನಲ್ ಇದ್ದ ದಿನಗಳಲ್ಲಿ ಲ್ಯಾಪ್‌ಟಾಪ್ ಹಿನ್ನೆಲೆಯಲ್ಲಿ ತಾನಾಗಿ ಪುಸ್ತಕವನ್ನು ಹೊಸದು ಮಾಡಿಕೊಂಡಿತ್ತು. ಅಪ್‌ಗ್ರೇಡ್ ಮಾಡಲೇ ಎಂದು ಕೇಳಿದಾಗಲೆಲ್ಲ ಭಾವ "ಆಮೇಲೆ" ಎಂದು ಒತ್ತಿದ್ದರು. ಹೀಗಾಗಿ ಪುಸ್ತಕದಲ್ಲಿ ವಿಎಲ್‌ಸಿಯ ಹೊಸ ಆವೃತ್ತಿ, ಅಟ್ಟದಲ್ಲಿ ಹಳೆಯದು. ಆಪ್ಟ್ ಕೇಳುತ್ತಿದ್ದುದು ಪುಸ್ತಕದಲ್ಲಿ ಇರುವುದನ್ನು. ಹಳೆಯದು ಕಣ್ಣೆದುರೇ ಇದ್ದರೂ ಅದನ್ನು ಎತ್ತಿಕೊಳ್ಳಲಿಲ್ಲ.

ಆಗ ಮೂರನೆಯ ದಾರಿ: ಇರುವ ಸಾಮಾನು ನೋಡಿ ನಾವೇ ಪುಸ್ತಕ ಬರೆಯುವುದು. ಡೆಬ್‌ಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು, ಅಲ್ಲಿಂದ ಆಪ್ಟ್-ಎಫ್‌ಟಿಪಿಆರ್ಕೈವ್ ಪ್ಯಾಕೇಜಸ್ ಎಂಬ ಆದೇಶ ಓಡಿಸಿದರೆ ಅದು ಒಂದೊಂದೇ ಡೆಬ್ ಬಿಚ್ಚಿ, ಕಂಟ್ರೋಲ್ ಭಾಗ ಓದಿ, ಪಟ್ಟಿ ಬರೆಯುತ್ತದೆ. ಅದನ್ನು ಪ್ಯಾಕೇಜಸ್ ಎಂಬ ಹೆಸರಿನಲ್ಲಿ ಅಲ್ಲೇ ಉಳಿಸಬೇಕು. ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್ ಎಂಬ ಇನ್ನೊಂದು ಸಲಕರಣೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಅದು ಬರುವುದು ಡಿಪಿಕೆಜಿ-ಡೆವ್ ಎಂಬ ಪ್ಯಾಕೇಜಿನಲ್ಲಿ. ಮೊದಲೇ ಹಾಕಿಟ್ಟಿರಬೇಕು.

ನಂತರ ಹಳೆಯ ನೆಟ್ ವಿಳಾಸಗಳ ಕಡತಗಳನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಒಂದೇ ಹೊಸ ಸಾಲು ಬರೆಯುವುದು: ಫೈಲ್ ಎಂದು ಶುರುವಾಗುವ ವಿಳಾಸದಲ್ಲಿ ನಮ್ಮ ಫೋಲ್ಡರಿನ ಜಾಗ, ಆ ವಿಳಾಸಕ್ಕೂ ಮೊದಲು ಟ್ರಸ್ಟೆಡ್=ಯೆಸ್ ಎಂಬ ಗುರುತು. ಈಗ ಆಪ್ಟ್-ಗೆಟ್ ಅಪ್‌ಡೇಟ್ ಎಂದರೆ ಆಪ್ಟ್ ನೆಟ್ ಹುಡುಕದೆ ಆ ಫೋಲ್ಡರನ್ನೇ ಭಂಡಾರವೆಂದು ಓದುತ್ತದೆ. ಎರಡು ಆವೃತ್ತಿ ಇದ್ದರೆ ಯಾವುದು ಹೊಸದೆಂದು ಅದಕ್ಕೆ ಗೊತ್ತು, 1.9, 1.10ರ ಗೊಂದಲ ಆಪ್ಟ್‌ಗೆ ಇಲ್ಲ. ಅವಲಂಬನೆಯ ಸರದಿಯನ್ನೂ ಅದೇ ನೋಡಿಕೊಳ್ಳುತ್ತದೆ. ಫೋಲ್ಡರನ್ನು ಹೋಮ್‌ನೊಳಗೆ ಇಟ್ಟಿದ್ದರೆ, ಅಂಡರ್‌ಸ್ಕೋರ್ ಆಪ್ಟ್ ಎಂಬ ಬಳಕೆದಾರನಿಗೆ ಕಡತ ತಲುಪಲಿಲ್ಲ ಎಂಬಂಥ ಸೂಚನೆ ಬರಬಹುದು. ಹೋಮ್ ಫೋಲ್ಡರಿನ ಅನುಮತಿಯಿಂದ ಬರುವ ಮಾತದು. /ಎಸ್‌ಆರ್‌ವಿ ಥರದ ಎಲ್ಲರೂ ಓದಬಹುದಾದ ಜಾಗಕ್ಕೆ ಫೋಲ್ಡರನ್ನು ಸರಿಸಿದರೆ ಹೋಗುತ್ತದೆ.

## ಮುದ್ರೆಯ ವಿಷಯ

ಆ ಟ್ರಸ್ಟೆಡ್=ಯೆಸ್ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೆಟ್ ಮೂಲಕ ತರುವಾಗ ಒಂದು ಸರಪಳಿ ಇರುತ್ತದೆ. ಗೋದಾಮಿನಲ್ಲಿ ಪ್ರತಿ ಮೂಟೆಯ ತೂಕ ರಿಜಿಸ್ಟರಿನಲ್ಲಿ ಬರೆದಿದೆ, ರಿಜಿಸ್ಟರಿಗೆ ಅಧಿಕಾರಿಯ ಮೊಹರು ಇದೆ ಎಂದುಕೊಳ್ಳಿ. ಹಾಗೆಯೇ ಪ್ರತಿ ಡೆಬ್‌ನ ಎಸ್‌ಎಚ್‌ಎ256 ಎಂಬ ಬೆರಳಚ್ಚು ಪ್ಯಾಕೇಜಸ್ ಪಟ್ಟಿಯಲ್ಲಿರುತ್ತದೆ. ಆ ಪಟ್ಟಿಯ ಬೆರಳಚ್ಚು ರಿಲೀಸ್ ಎಂಬ ಕಡತದಲ್ಲಿ. ರಿಲೀಸ್ ಕಡತಕ್ಕೆ ಡೆಬಿಯನ್‌ನ ಡಿಜಿಟಲ್ ಸಹಿ. ನಡುವೆ ಯಾರೇ ಒಂದು ಅಕ್ಷರ ತಿದ್ದಿದರೂ ಇಳಿಸುವಾಗಲೇ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಸಹಿ ಇರುವುದು ರಿಜಿಸ್ಟರಿಗೆ, ಬಿಡಿ ಡೆಬ್‌ಗಳಿಗಲ್ಲ.

ನಾವೇ ಬರೆದ ಪುಸ್ತಕಕ್ಕೆ ಆ ಮೊಹರು ಇಲ್ಲ. ಅದು ಫೋಲ್ಡರಿನಲ್ಲಿ ಏನಿದೆಯೋ ಅದನ್ನೇ ಸರಿ ಎನ್ನುತ್ತದೆ, ಕೆಟ್ಟ ಕಡತವಿದ್ದರೆ ಅದನ್ನೂ. ಆದ್ದರಿಂದ ಟ್ರಸ್ಟೆಡ್ ಎನ್ನುವುದು ನಿಮ್ಮದೇ ಯಂತ್ರದಿಂದ ನೀವೇ ತೆಗೆದಿಟ್ಟ ದಾಸ್ತಾನಿಗೆ ಮಾತ್ರ. ಯಾರೋ ಕೊಟ್ಟ ಪೆನ್‌ಡ್ರೈವ್‌ನ ಡೆಬ್‌ಗಳಿಗೆ ಬೇಡ; ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್‌ಗಳು ಯಂತ್ರದ ಪೂರ್ಣ ಅಧಿಕಾರದಿಂದ ಓಡುತ್ತವೆ. ಅನುಮಾನವಿದ್ದರೆ ಎಸ್‌ಎಚ್‌ಎ256ಸಮ್ ಆದೇಶದಿಂದ ಡೆಬ್‌ನ ಬೆರಳಚ್ಚು ತೆಗೆದು, ಉಳಿಸಿಕೊಂಡ ಲಿಸ್ಟ್ಸ್‌ನಲ್ಲಿ ಅದೇ ಆವೃತ್ತಿ ಇದ್ದರೆ ಅದರೊಂದಿಗೆ ಹೋಲಿಸಬಹುದು.

## ಹೊರಗೆ ಡಬ್ಬ, ಒಳಗೆ ಚೀಟಿ

ಕೆಲವು ಡೆಬ್‌ಗಳಲ್ಲಿ ಸಾಮಾನು ಇರುವುದಿಲ್ಲ, ಸಾಮಾನು ತರುವ ಆದೇಶ ಮಾತ್ರ ಇರುತ್ತದೆ. ಮೈಕ್ರೋಸಾಫ್ಟ್‌ನ ಹಳೆಯ ಫಾಂಟ್‌ಗಳನ್ನು ಹಾಕುವ ಟಿಟಿಎಫ್-ಎಂಎಸ್‌ಕೋರ್‌ಫಾಂಟ್ಸ್-ಇನ್‌ಸ್ಟಾಲರ್ ಅಂಥದ್ದು: ಡೆಬ್ ಕ್ಯಾಶ್‌ನಲ್ಲಿದ್ದರೂ ಹಾಕುವ ಹೊತ್ತಿಗೆ ನೆಟ್ ಕೇಳುತ್ತದೆ. ಉಬುಂಟು 22.04ರಿಂದ ಫೈರ್‌ಫಾಕ್ಸ್‌ನ ಡೆಬ್ ಕೂಡ ಹೀಗೆಯೇ. ನಿಜವಾದ ಬ್ರೌಸರ್ ಬರುವುದು ಸ್ನ್ಯಾಪ್ ಎಂಬ ಬೇರೆಯೇ ವ್ಯವಸ್ಥೆಯಿಂದ. ಸ್ನ್ಯಾಪ್ ಡೌನ್‌ಲೋಡ್ ಎಂಬ ಆದೇಶದಿಂದ ಅದರ ಕಡತವನ್ನೂ ಜತೆಗಿನ ಅಸರ್ಟ್ ಎಂಬ ದೃಢೀಕರಣವನ್ನೂ ಮೊದಲೇ ಇಳಿಸಿಟ್ಟರೆ, ಆಮೇಲೆ ನೆಟ್ ಇಲ್ಲದೆ ಹಾಕಬಹುದು. ಸ್ನ್ಯಾಪ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಫ್ಲ್ಯಾಟ್‌ಪ್ಯಾಕ್ ಬಳಸುವವರಿಗೆ ಫ್ಲ್ಯಾಟ್‌ಪ್ಯಾಕ್ ಕ್ರಿಯೇಟ್-ಯುಎಸ್‌ಬಿ ಇದೆ. ಇವು ಆಪ್ಟ್‌ನ ಅಟ್ಟದಲ್ಲಿ ಸಿಗವು.

ವೈಫೈ ಚಿಪ್‌ಗೆ ಬೇಕಾದ ಫರ್ಮ್‌ವೇರ್ (ಚಿಪ್‌ನೊಳಗೇ ಓಡುವ ತಂತ್ರಾಂಶ) ಹಿಂದೆ ದೊಡ್ಡ ತಲೆನೋವಾಗಿತ್ತು. ನೆಟ್ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ನೆಟ್ ಬೇಕು. ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್‌ಗಳೂ ಅಧಿಕೃತ ಐಎಸ್‌ಒದಲ್ಲೇ ಸೇರಿವೆ, ಬಹಳ ಜನರ ಕಷ್ಟ ಅಲ್ಲಿಗೆ ತೀರಿತು. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಈಗಲೂ ಯಂತ್ರದಲ್ಲೇ ಕಟ್ಟಿಕೊಳ್ಳಬೇಕಾದ ಡ್ರೈವರ್ ಬೇಕು. ಅದಕ್ಕೆ ಓಡುತ್ತಿರುವ ಕರ್ನಲ್‌ಗೇ (ಲಿನಕ್ಸ್‌ನ ತಿರುಳು) ಹೊಂದುವ ಹೆಡರ್ ಪ್ಯಾಕೇಜ್‌ಗಳೂ ದಾಸ್ತಾನಿನಲ್ಲಿರಬೇಕು.

## ಅಟ್ಟ ಖಾಲಿ ಇದ್ದರೆ

ಕ್ಯಾಶ್ ಅಳಿಸಿಹೋಗಿದ್ದು ಸಿಸ್ಟಮ್ ಇನ್ನೂ ನಡೆಯುತ್ತಿದ್ದರೆ ಡಿಪಿಕೆಜಿ-ರೀಪ್ಯಾಕ್ ಎಂಬ ಸಲಕರಣೆ ನೆರವಿಗೆ ಬರುತ್ತದೆ. ಹಾಕಿರುವ ಪ್ಯಾಕೇಜಿನ ಕಡತಗಳನ್ನೆಲ್ಲ ಒಟ್ಟುಮಾಡಿ ಮತ್ತೆ ಡೆಬ್ ಕಟ್ಟಿಕೊಡುತ್ತದೆ. ನೀವು ತಿದ್ದಿದ ಸಂರಚನೆಯ ಕಡತಗಳೂ ಅದರೊಳಗೆ ಸೇರುತ್ತವೆ, ನೆನಪಿರಲಿ.

ನೆಟ್ ಇರುವ ಇನ್ನೊಂದು ಯಂತ್ರ ಪೇಟೆಯಲ್ಲಿ ಸಿಗುವುದಾದರೆ ಆಪ್ಟ್-ಆಫ್‌ಲೈನ್. ನಿಮ್ಮ ಯಂತ್ರದಲ್ಲಿ ಬೇಕಾದ್ದರ ಚೀಟಿ ಬರೆಸಿ, ಪೆನ್‌ಡ್ರೈವ್‌ನಲ್ಲಿ ಪೇಟೆಗೆ ಒಯ್ದು, ಅಲ್ಲಿ ಇಳಿಸಿಕೊಂಡು ತಂದು ಹಾಕುವುದು. ಪೇಟೆಯ ಯಂತ್ರ ವಿಂಡೋಸ್ ಆದರೂ ಆದೀತು. ಶಾಲೆಯ ಕಂಪ್ಯೂಟರ್ ಕೊಠಡಿಯಂಥ ಕಡೆ ಆಪ್ಟ್-ಕ್ಯಾಶರ್-ಎನ್‌ಜಿ ಹೆಚ್ಚು ಸರಿ. ಒಂದು ಯಂತ್ರ ದಾಸ್ತಾನು ಇಟ್ಟುಕೊಳ್ಳುತ್ತದೆ, ಉಳಿದವು 3142ನೇ ಪೋರ್ಟ್ ಮೂಲಕ ಅದನ್ನೇ ಕೇಳುತ್ತವೆ. ಇಪ್ಪತ್ತು ಯಂತ್ರಕ್ಕೆ ಒಂದೇ ಸಲ ಇಳಿಸಿದರೆ ಸಾಕು.

ಬೇರೆ ಲಿನಕ್ಸ್‌ಗಳಲ್ಲಿ ಹೆಸರು ಬೇರೆ, ತತ್ವ ಇದೇ. ಆರ್ಚ್‌ನ ಪ್ಯಾಕ್‌ಮ್ಯಾನ್ ಎಲ್ಲವನ್ನೂ /ವಾರ್/ಕ್ಯಾಶ್/ಪ್ಯಾಕ್‌ಮ್ಯಾನ್/ಪಿಕೆಜಿ ಫೋಲ್ಡರಿನಲ್ಲಿ ತಾನಾಗಿ ಉಳಿಸುತ್ತದೆ. ಫೆಡೋರಾದ ಡಿಎನ್‌ಎಫ್ ಉಳಿಸುವುದಿಲ್ಲ. ಕೀಪ್‌ಕ್ಯಾಶ್ ಎಂಬ ಸೂಚನೆ ಬದಲಿಸಬೇಕು.

## ಟವರ್ ಬಂದ ಮೇಲೆ

ಮೂರನೆಯ ದಾರಿಯಲ್ಲಿ ಚೀಟಿಯಲ್ಲಿದ್ದದ್ದು ಬಹುಪಾಲು ಬಂತು. ಭಾವ ಮೊದಲು ತೆರೆದದ್ದು ಸೊಸೈಟಿಗೆ ಬರೆದ ಪತ್ರ. ಗುಬ್ಬಿ ಫಾಂಟ್ ಇಲ್ಲದಿದ್ದಾಗ ಲಿಬ್ರೆ ಆಫೀಸ್ ಬೇರೆ ಫಾಂಟ್ ಹಾಕಿ ತೋರಿಸಿತ್ತು, ಒಂದು ಪುಟದ ಪತ್ರ ಎರಡನೆಯ ಪುಟಕ್ಕೆ ಜಾರಿತ್ತು. ಫಾಂಟ್ ಸೇರಿದ ಮೇಲೆ ಸಹಿಯ ಸಾಲು ಮೊದಲಿನ ಜಾಗಕ್ಕೇ ಬಂದು ನಿಂತಿತು.

ಮರುದಿನ ಸಂಜೆ ಟವರ್ ಜೀವಪಡೆಯಿತು. ಆಗ ಮಾಡಲೇಬೇಕಾದ ಕೆಲಸ ಒಂದಿತ್ತು. ಟ್ರಸ್ಟೆಡ್ ಎಂದು ಬರೆದ ಆ ಸಾಲನ್ನು ಅಳಿಸಿ, ಬದಿಗಿಟ್ಟಿದ್ದ ಭಂಡಾರದ ವಿಳಾಸಗಳನ್ನು ಮತ್ತೆ ಜಾಗಕ್ಕೆ ಹಾಕಿ, ಆಪ್ಟ್-ಗೆಟ್ ಅಪ್‌ಡೇಟ್ ಕೊಟ್ಟೆ, ಹಿಂದೆಯೇ ಅಪ್‌ಗ್ರೇಡ್. ದಾಸ್ತಾನಿನಿಂದ ಬಂದವು ಹಳೆಯ ಆವೃತ್ತಿಗಳು, ಅವುಗಳಿಗೆ ಆಮೇಲೆ ಬಂದ ಭದ್ರತಾ ತೇಪೆಗಳು ಇನ್ನೂ ಸೇರಿರಲಿಲ್ಲ. ಸಿಗ್ನಲ್ ಒಂದೇ ಕಡ್ಡಿ, ನಿಧಾನಕ್ಕೆ ಇಳಿಯಿತು. ಈ ಸಲ "ಆಮೇಲೆ" ಎನ್ನದೆ ಭಾವ ಪಕ್ಕದಲ್ಲೇ ಕೂತು ಮುಗಿಯುವತನಕ ನೋಡಿದರು. ಹೊಸದಾಗಿ ಇಳಿದ ಡೆಬ್‌ಗಳನ್ನೂ ಆ ಐಎಸ್‌ಒವನ್ನೂ ಒಂದೇ ಪೆನ್‌ಡ್ರೈವ್‌ಗೆ ಹಾಕಿ, ಮೇಲೆ "ಡೆಬಿಯನ್ 12" ಎಂದು ಚೀಟಿ ಅಂಟಿಸಿ, ದೇವರ ಕೋಣೆಯ ಕಪಾಟಿನಲ್ಲಿ ಆಸ್ತಿಪತ್ರಗಳ ಜತೆ ಇಟ್ಟರು.